ಮಹಾಲಾಳ ಎರಡು ಗೋರಿಗಳು

೧೯೯೮ ಫೆಬ್ರವರಿ ೯, ಸೋಮವಾರ

ಬೆಳಿಗ್ಗೆ ಹೊಬರ್ಟ್ ಬಂದಿದ್ದ. ನಮ್ಮಣ್ಣ ಬಂದನೆಂದರೆ ಮೊದಲು ಇಣುಕುವುದು ಅಡುಗೆಮನೆಯ ಕಸದ ಬುಟ್ಟಿಗೆ. ಒಳಗಿದ್ದ ಸೂಪಿನ ಡಬ್ಬಿಗಳನ್ನು ನೋಡಿ, "ಲೋ ವರ್ಲಿನ್, ಓಪಲ್ ಹೋಗಿ ಮೂರು ತಿಂಗಳಾಯ್ತಲ್ಲೋ. ಇನ್ನೂ ಡಬ್ಬಿ ಊಟಾನೇನೋ?" ಅಂದ. ಬೇಯಿಸೋಕೆ ಬರಲ್ಲ ಅಂದೆ. "ಕಲ್ಲು ಕೆತ್ತೋನಿಗೆ ಆಲೂಗಡ್ಡೆ ಹೆಚ್ಚೋಕೆ ಬರಲ್ವಾ?" ಅಂದ. ಹೆಂಡತಿ ಸತ್ತ ಮನೆಯಲ್ಲಿ ಗೇಲಿ ಮಾಡುವ ಧೈರ್ಯ ಅವನೊಬ್ಬನಿಗೇ. ಉಳಿದವರೆಲ್ಲ ನನ್ನೆದುರು ಪಿಸುಗುಟ್ಟುತ್ತಾರೆ.

ಅವನು ಬಂದ ಕೆಲಸ ಬೇರೆ. ಜೂನ್ ತಿಂಗಳ ಕುಟುಂಬದ ಕೂಟದ ಹೊತ್ತಿಗೆ ಮುತ್ತಜ್ಜಿ ಮಹಾಲಾಳ ಗೋರಿಗೆ ಹೊಸ ಕಲ್ಲು ಬೇಕಂತೆ. ಹಳೆಯದು ಬಿರುಕು ಬಿಟ್ಟಿರುವುದು ನಿಜ. ನನ್ನ ಶೆಡ್ಡಿನಲ್ಲಿ ಒಳ್ಳೆಯ ಗ್ರಾನೈಟು ಒಂದು ಉಳಿದಿರುವುದೂ ಅವನಿಗೆ ಗೊತ್ತು. ಏನು ಕೆತ್ತಬೇಕೆಂದು ಚೀಟಿಯಲ್ಲಿ ಬರೆದೇ ತಂದಿದ್ದ: ಮಹಾಲಾ ಗಿಲ್ರೀತ್, ೧೮೪೩–೧೯೧೧, ಚೆರೋಕಿ ಕುಲದ ಮಗಳು. ಪಕ್ಕದಲ್ಲೊಂದು ಹದ್ದಿನ ಗರಿ.

ಚೆರೋಕಿ ಎಂಬ ಮೂಲನಿವಾಸಿ ಕುಲದ ಅಜ್ಜಿಯ ಕಥೆ ಕೇಳಿಯೇ ನಾವಿಬ್ಬರೂ ಬೆಳೆದದ್ದು. ಅಪ್ಪ ಹತ್ತು ವರ್ಷದವನಿದ್ದಾಗ ಅವಳನ್ನು ನೋಡಿದ್ದ. ಮಂಡಿ ಮುಟ್ಟುವ ಜಡೆಯಂತೆ, ಕಂದು ಮೈಯಂತೆ. ಹೊಬರ್ಟ್ ಅದಕ್ಕೆ ಕುದುರೆ, ಬಿಲ್ಲು, ಬಾಣ ಎಲ್ಲ ಸೇರಿಸಿ ಚರ್ಚಿನ ಮಕ್ಕಳಿಗೆ ಹೇಳುತ್ತಾನೆ. ಟೆನ್ನೆಸ್ಸಿಯ ಈ ಬೆಟ್ಟಗಳಲ್ಲಿ ಚೆರೋಕಿ ಅಜ್ಜಿ ಇಲ್ಲದ ಮನೆ ಒಂದಿದ್ದರೆ ನಾನು ಉಳಿ ಕೆಳಗಿಡುತ್ತೇನೆ.

ಕೆತ್ತುತ್ತೇನೆ ಅಂದೆ. ಆದರೆ ಹುಟ್ಟಿದ ಊರು, ತಂದೆತಾಯಿಯ ಹೆಸರು ಗೊತ್ತಾಗದೆ ಕೈ ಹಚ್ಚುವುದಿಲ್ಲ ಅಂತಲೂ ಅಂದೆ. ನಲವತ್ತೊಂದು ವರ್ಷ ಗೋರಿಕಲ್ಲು ಕೆತ್ತಿದವನು ನಾನು. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದಬಹುದು. ಕಲ್ಲಿನಲ್ಲಿ ತಪ್ಪಾದರೆ ಅದು ಸತ್ತವರ ತಲೆಯ ಮೇಲೆ ಕೂತೇ ಇರುತ್ತದೆ. ಬಲಗಣ್ಣಿಗೆ ಪೊರೆ ಬೇರೆ ಬಂದಿದೆ. ಬಹುಶಃ ಇದೇ ನನ್ನ ಕೊನೆಯ ಕಲ್ಲು.

ಫೆಬ್ರವರಿ ೧೯

ಕೋರ್ಟಿನ ಹಳೆಯ ಮದುವೆ ದಫ್ತರದಲ್ಲಿ ಸಿಕ್ಕಳು. ಸೆಪ್ಟೆಂಬರ್ ೧೮೬೮, ಜೆಸ್ಸಿ ಗಿಲ್ರೀತ್ ಮತ್ತು ಮಹಾಲಾ ಟಿಲ್ಸನ್. ಅವಳ ತವರಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ. ಜಡೆಯ ಉದ್ದ ಗೊತ್ತು, ಅಪ್ಪನ ಹೆಸರು ಗೊತ್ತಿಲ್ಲ. ಇದೆಂಥ ವಿಚಿತ್ರ!

ಹೊಬರ್ಟನಿಗೆ ಫೋನ್ ಮಾಡಿದೆ.

"ಟಿಲ್ಸನ್ನಾ? ಚೆರೋಕಿ ಹೆಸರಿನ ಥರ ಇಲ್ವಲ್ಲೋ."

"ವರ್ಲಿನ್ ಅನ್ನೋದು ಯಾವ ಹೆಸರಿನ ಥರ ಇದೆ?" ಅಂದೆ. ಫೋನಿಟ್ಟ.

ಫೆಬ್ರವರಿ ೨೬

ಇವತ್ತು ಕಂಡದ್ದನ್ನು ಬರೆದಿಡಲೇಬೇಕು. ಗ್ರಂಥಾಲಯದ ಮಿಸೆಸ್ ಪ್ರೂಯಿಟ್ ಸುತ್ತಲಿನ ಊರುಗಳ ಸ್ಮಶಾನಗಳ ಪಟ್ಟಿಯನ್ನು ಹುಡುಕಿ ಕೊಟ್ಟರು. ಯಾರೋ ಪುಣ್ಯಾತ್ಮರು ಒಂದೊಂದು ಗೋರಿಯ ಬರಹವನ್ನೂ ನಕಲು ಮಾಡಿಟ್ಟಿದ್ದಾರೆ. ಬೆಟ್ಟದ ಆಚೆಯ ಮಾರ್ಲೋ ಕೌಂಟಿ, ಟಿಲ್ಸನ್ ಚಾಪೆಲ್: "ಮಹಾಲಾ ಟಿಲ್ಸನ್. ಜನನ ೪ ಮಾರ್ಚ್ ೧೮೪೩. ಜೂನ್ ೧೮೬೭ರಲ್ಲಿ ಹೊಳೆಯಲ್ಲಿ ಮುಳುಗಿ ಮೃತಳು."

ನಮ್ಮ ಮುತ್ತಜ್ಜಿಯ ಬಿರುಕು ಕಲ್ಲಿನ ಮೇಲಿರುವುದೂ ೪ ಮಾರ್ಚ್ ೧೮೪೩ ಅಂತಲೇ.

"ಬೇರೆ ಯಾರೋ ಇರಬೇಕು ಬಿಡಿ," ಅಂದರು ಮಿಸೆಸ್ ಪ್ರೂಯಿಟ್.

"ಒಂದೇ ಹೆಸರು, ಒಂದೇ ದಿನ ಹುಟ್ಟಿರೋದು, ಮಧ್ಯ ಒಂದು ಬೆಟ್ಟ. ಬೇರೆಯವಳು ಹೇಗಾಗ್ತಾಳೆ?"

"ಹಾಗಾದ್ರೆ ನಿಮ್ಮಜ್ಜಿ ಸತ್ತ ಮರುವರ್ಷ ಮದುವೆ ಆದ್ರು ಅನ್ನಿ," ಎಂದು ನಕ್ಕರು.

ಮದುವೆ ಆಗಿ ಐದು ಮಕ್ಕಳನ್ನೂ ಹೆತ್ತಳು. ಗಟ್ಟಿಗಿತ್ತಿ.

ಮಾರ್ಚ್ ೫

ಟಿಲ್ಸನ್ ಚಾಪೆಲ್‌ಗೆ ಹೋಗಿ ಬಂದೆ. ಅದು ಕಪ್ಪು ಜನರ ಚರ್ಚು. ಪಟ್ಟಿಯಲ್ಲಿ ಹಾಗೆಂದು ಬರೆದಿರಲಿಲ್ಲ. ಅವರ ಹೆಸರಿನ ಕಲ್ಲು ನಾನು ಒಂದೂ ಕೆತ್ತಿದವನಲ್ಲ. ಅವರು ಕೇಳಿ ಬರಲಿಲ್ಲ, ನಾನೂ ಬನ್ನಿ ಅನ್ನಲಿಲ್ಲ.

ಕಲ್ಲು ಮಾತ್ರ ಸಿಕ್ಕಿತು. ಬಿಳಿ ಅಮೃತಶಿಲೆ, ಪಾಚಿ ಒಂದಿಷ್ಟೂ ಇಲ್ಲ. ಯಾರೋ ವರ್ಷವರ್ಷ ಉಜ್ಜುತ್ತಿದ್ದಾರೆ. ಬಗ್ಗಿ ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ಯಂತ್ರದ ಗರಗಸದಲ್ಲಿ ಕೊಯ್ದ ಅಂಚು. ೧೮೬೭ರಲ್ಲಿ ಈ ಬೆಟ್ಟದ ಮೂಲೆಗೆ ಅಂಥ ಕಲ್ಲು ಎಲ್ಲಿಂದ ಬರಬೇಕು? ಅಕ್ಷರಗಳ ಬಾಲವೂ ೧೮೯೦ರ ದಶಕದ ಕುಸುರಿ. ಮುಳುಗಿದ ಹುಡುಗಿಗೆ ಮೂವತ್ತು ವರ್ಷ ಕಳೆದ ಮೇಲೆ ಕಲ್ಲು ನೆಟ್ಟವರು ಯಾರು? ಯಾಕೆ?

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಊರುಗೋಲು ಹಿಡಿದ ಮುದುಕಿ, ಎಂಬತ್ತೈದು ದಾಟಿರಬೇಕು.

"ಯಾರಪ್ಪಾ ನೀನು?"

"ಕಲ್ಲು ನೋಡೋಕೆ ಬಂದೆ, ಅಮ್ಮ. ಇದು ಯಾವಾಗ ನೆಟ್ಟಿದ್ದು?"

"ಕಲ್ಲು ನೋಡೋಕೆ ಬಿಳಿಯೋರು ಇಲ್ಲಿಗಂಟ ಬರೋದುಂಟಾ?" ಎಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ನಿನ್ನ ಹೆಸರೇನಂದೆ?"

ನಾನು ಹೆಸರು ಹೇಳಿರಲೇ ಇಲ್ಲ. ಹೇಳಲೂ ಇಲ್ಲ. ಹೊತ್ತಾಯಿತು ಅಂತ ಏನೋ ಗೊಣಗಿ ಗಾಡಿ ಹತ್ತಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಕದ್ದದ್ದಾದರೂ ಏನು?

ಮಾರ್ಚ್ ೧೧

ಸಿಕ್ಕಿತು. ೧೮೬೦ರ ಜನಗಣತಿ, ಮಾರ್ಲೋ ಕೌಂಟಿ. ಐಸಾಕ್ ಟಿಲ್ಸನ್, ಕಮ್ಮಾರ, ಯಾರ ಗುಲಾಮನೂ ಅಲ್ಲ. ಹೆಂಡತಿ ರೇಚಲ್. ಮಕ್ಕಳು ಮಹಾಲಾ ಹದಿನೇಳು, ಏಮಸ್ ಹದಿನೈದು, ಡಾರ್ಕಸ್ ಹದಿಮೂರು. ಬಣ್ಣ ಬರೆಯುವ ಕಾಲಂ ಬಿಳಿಯರ ಮನೆಗಳಲ್ಲಿ ಖಾಲಿ ಇರುತ್ತದೆ. ಇವರ ಐದೂ ಹೆಸರುಗಳ ಮುಂದೆ ಒಂದೊಂದು ಅಕ್ಷರವಿದೆ. ಕಪ್ಪು, ಬಿಳಿ ಬೆರೆತವರು ಎಂದು ಅದರ ಅರ್ಥ.

ಆಮೇಲೆ ೧೮೮೦ರದ್ದು ತೆಗೆಸಿದೆ, ನಮ್ಮದೇ ಕೌಂಟಿ. ಜೆಸ್ಸಿ ಗಿಲ್ರೀತ್, ಹೆಂಡತಿ ಮಹಾಲಾ. ಬಣ್ಣ: ಬಿಳಿ.

ನಡುವೆ ಇರುವುದು ಒಂದು ಬೆಟ್ಟ ಮಾತ್ರ. ಅದನ್ನು ದಾಟುವಷ್ಟರಲ್ಲಿ ಅವಳ ಬಣ್ಣ ಬದಲಾಗಿದೆ. ಚೆರೋಕಿ ಅನ್ನುವುದು ಕಂದು ಮೈಗೆ ಹೊದಿಸಿದ ಹೊದಿಕೆ.

ಮಿಸೆಸ್ ಪ್ರೂಯಿಟ್ ನನ್ನ ಹೆಗಲ ಮೇಲಿಂದ ಓದಿದರು. ಕಾಫಿ ತಂದಿಟ್ಟರು. ನಾನು ಪ್ರತಿಯನ್ನು ಯಾರೂ ನೋಡದಂತೆ ಮಡಿಸಿ ಜೇಬಿಗೆ ತುರುಕಿದೆ, ಆಮೇಲೆ ನಾಚಿಕೆಯಾಯಿತು. ಅವಳ ಬಗ್ಗೆ ಅಲ್ಲ, ಹಾಗೆ ಬಚ್ಚಿಟ್ಟದ್ದಕ್ಕೆ. ಮನೆಗೆ ಬಂದು ಕನ್ನಡಿಯಲ್ಲಿ ಮೂಗು, ತುಟಿ ನೋಡಿಕೊಂಡೆ. ಅರವತ್ತೊಂಬತ್ತು ವರ್ಷದಿಂದ ಇದ್ದ ಮೂಗೇ ಇದೆ. ಓಪಲ್ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮಾರ್ಚ್ ೧೪

ಹೊಬರ್ಟನಿಗೆ ಹೇಳಿದೆ. ಪ್ರತಿಗಳನ್ನು ಮೇಜಿನ ಮೇಲೆ ಹರಡಿದೆ. ಕನ್ನಡಕ ಹಾಕಿ ಓದಿದ, ತೆಗೆದ, ಮತ್ತೆ ಹಾಕಿ ಓದಿದ.

"ಯಾರಿಗೆ ಹೇಳಿದ್ದೀಯ?"

"ನಿನಗೆ."

"ಇನ್ಯಾರಿಗೂ ಹೇಳ್ಬೇಡ. ಚೀಟೀಲಿ ಬರೆದಿದ್ದನ್ನ ಕೆತ್ತು, ಅಷ್ಟೇ."

"ಅದು ಸುಳ್ಳು ಕಣೋ ಹೊಬರ್ಟ್."

"ಅವಳೇ ಹೇಳಿದ ಸುಳ್ಳು! ಅವಳ ಗೋರಿ ಮೇಲೆ ಅವಳ ಮಾತೇ ಇರ್ಲಿ. ಅರವತ್ತು ವರ್ಷದಿಂದ ಮಕ್ಕಳಿಗೆ ಆ ಕಥೆ ಹೇಳ್ಕೊಂಡು ಬಂದಿದ್ದೀನಿ. ಈ ವಯಸ್ಸಲ್ಲಿ ಹೋಗಿ ಸುಳ್ಳುಗಾರ ಅನ್ನಿಸ್ಕೊಳ್ಲಾ? ಚರ್ಚಿನ ಹಿರಿಯ ನಾನು."

"ನೀನು ಸುಳ್ಳು ಹೇಳಿಲ್ಲ. ನಿನಗೆ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ, ನಿನ್ನ ದೆಸೆಯಿಂದ!" ಎಂದು ಎದ್ದ. ಬಾಗಿಲಲ್ಲಿ ನಿಂತು, "ಬೇರೆ ಏನಾದ್ರೂ ಕೆತ್ತಿದ್ಯೋ, ಭಾನುವಾರದ ಊಟಕ್ಕೆ ನನ್ನ ಮನೆ ಮೆಟ್ಟಿಲು ಹತ್ಬೇಡ," ಅಂದ.

ನನಗೆ ಉಳಿದಿರುವುದು ಅದೊಂದೇ ಮೇಜು. ಅದು ಅವನಿಗೂ ಗೊತ್ತು.

ಮಾರ್ಚ್ ೧೬

ಕಲ್ಲು ಮುಟ್ಟಲಿಲ್ಲ. ಸೂಪು.

ಮಾರ್ಚ್ ೨೪

ಇವತ್ತು ಆ ಊರುಗೋಲಿನ ಮುದುಕಿಯ ಮನೆಗೇ ಹೋದೆ. ಹೆಸರು ಮಿಸ್ ಲುವೀನಿಯಾ. ಚರ್ಚಿನ ಪಕ್ಕದ ಹಳದಿ ಮನೆ. ಹೇಡಿಯಂತೆ ಓಡಿಹೋಗಿದ್ದು ಸಾಕಾಗಿತ್ತು. ಕಲ್ಲಿನ ಅಂಚೂ ತಲೆ ತಿನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬಾಗಿಲು ತೆಗೆದ ಕೂಡಲೇ, "ನನ್ನ ಹೆಸರು ವರ್ಲಿನ್ ಗಿಲ್ರೀತ್," ಅಂದುಬಿಟ್ಟೆ.

"ಗೊತ್ತು ಕಣಪ್ಪಾ. ಆವತ್ತೇ ಗೊತ್ತಾಯ್ತು. ನೀನೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ಒಳಗೆ ಬಾ, ಕಾಲು ಒರೆಸ್ಕೋ."

ಮಹಾಲಾಳ ತಂಗಿ ಡಾರ್ಕಸ್ ಇವರ ಸ್ವಂತ ಅಜ್ಜಿ. ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದ ಅಜ್ಜಿ. ನಾನು ಜನಗಣತಿಯಲ್ಲಿ ಕಂಡ ಹದಿಮೂರರ ಹುಡುಗಿಯ ಕೈ ಹಿಡಿದು ಇವರು ನಡೆದಿದ್ದಾರೆ!

"ಮಹಾಲಾ ಅಮ್ಮನ ಬಣ್ಣ, ನಮ್ಮಜ್ಜಿ ಅಪ್ಪನ ಬಣ್ಣ. ಅಕ್ಕ ಬಿಳಿಯೋರ ಕಡೆಗೆ ದಾಟಬಹುದಿತ್ತು, ತಂಗಿ ದಾಟೋ ಹಾಗಿರಲಿಲ್ಲ. ನಿನ್ನ ಮುತ್ತಾತ ಜೆಸ್ಸಿ ಕುದುರೆಗೆ ಲಾಳ ಹೊಡಿಸೋಕೆ ಬರ್ತಿದ್ನಂತೆ. ಒಂದೇ ಕುದುರೆಗೆ ವಾರಕ್ಕೆ ಮೂರು ಸಲ ಲಾಳ! ಯಾರಿಗೆ ಗೊತ್ತಾಗಲ್ಲ ಹೇಳು?"

"ಹಾಗಾದ್ರೆ ಅವನಿಗೆ ಗೊತ್ತಿತ್ತು?"

"ಗೊತ್ತಿತ್ತಾ! ಚೆರೋಕಿ ಅನ್ನೋ ಮಾತು ಹುಟ್ಟಿಸಿದ್ದೇ ಅವನು."

ಕಲ್ಲಿನ ಬಗ್ಗೆ ಕೇಳಿದೆ. ಒಲೆಯ ಉರಿ ತಗ್ಗಿಸಿ ಬಂದು ಕೂತರು. ಆಮೇಲೆ ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ.

"೧೮೯೬ರಲ್ಲಿ ನಿಮ್ಮ ಕಡೆಯಿಂದ ಒಬ್ಬ ಸಾಹುಕಾರ ಕುದುರೆ ಮೇಲೆ ಬಂದ. ಮಹಾಲಾ ಮಗನಿಗೆ ಅವನ ಮಗಳನ್ನ ಕೊಡೋ ಮಾತಾಗಿತ್ತು. ಹುಡುಗನ ತಾಯಿ ಟಿಲ್ಸನ್ ಅಂತೆ, ನಿಮ್ಮವಳಾ ಅಂತ ಮನೆಮನೆ ಕೇಳ್ದ. ನಮ್ಮಜ್ಜಿ ಅಂದ್ಲು: ನಮ್ಮ ಮಹಾಲಾ ಹೊಳೇಲಿ ಮುಳುಗಿ ಸತ್ಲು ಸ್ವಾಮಿ, ಅರವತ್ತೇಳನೇ ಇಸವೀಲೇ. ಗೋರಿ ತೋರ್ಸು ಅಂದ. ಇನ್ನೂ ಕಲ್ಲು ಹಾಕ್ಸಿಲ್ಲ, ಮುಂದಿನ ತಿಂಗಳು ಬನ್ನಿ ಅಂದ್ಲು. ಊರೆಲ್ಲ ಸೇರಿ ಕಲ್ಲು ತರಿಸಿದ್ರು. ಅವನು ಮತ್ತೆ ಬಂದ, ಓದ್ದ, ಹೋದ. ಮದುವೆ ಆಯ್ತು. ನಮ್ಮಜ್ಜಿ ಬದುಕಿರೋ ಅಕ್ಕನ್ನ ತನ್ನ ಕೈಯಾರೆ ಹೂತ್ಲು. ಹುಟ್ಟಿದ ದಿನ ಮಾತ್ರ ಸುಳ್ಳು ಹಾಕ್ಸೋಕೆ ಮನಸ್ಸು ಬರಲಿಲ್ವಂತೆ."

ಆ ಮಗನೇ ನನ್ನ ಅಜ್ಜ. ಕಪ್ಪು ರಕ್ತ ಬೆರೆತವನು ಬಿಳಿಯಳನ್ನು ಮದುವೆಯಾಗುವುದೇ ಆಗಿನ ಕಾನೂನಿನಲ್ಲಿ ಅಪರಾಧ. ಆ ಸುಳ್ಳು ಕಲ್ಲು ಇಲ್ಲದಿದ್ದರೆ ಅಪ್ಪ ಇಲ್ಲ, ಹೊಬರ್ಟ್ ಇಲ್ಲ, ನಾನೂ ಇಲ್ಲ. ಕಲ್ಲಿನಲ್ಲಿ ಸುಳ್ಳು ಇರಬಾರದೆಂದು ಜಂಬ ಕೊಚ್ಚಿಕೊಂಡು ಹೊರಟವನು ನಾನು.

ಮುಗಿಯಲಿಲ್ಲ. ಕಪಾಟಿನಿಂದ ದಪ್ಪ ಪುಸ್ತಕ ಒಂದನ್ನು ತೆಗೆಸಿದರು. ಪುಟಪುಟಕ್ಕೂ ನಮ್ಮ ಕಡೆಯ ಪತ್ರಿಕೆಯ ಚೂರುಗಳು. ಮಹಾಲಾಳ ಸಾವು. ಅಜ್ಜನ ಸಾವು. ಅಪ್ಪನ ಮದುವೆ. ಹೊಬರ್ಟ್ ಹುಟ್ಟಿದ್ದು, ನಾನು ಹುಟ್ಟಿದ್ದು, ನಾನು ಸೈನ್ಯದಿಂದ ಮರಳಿದ್ದು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ದಫ್ತರ ಜಾಲಾಡಿದ್ದೆ. ಇಲ್ಲಿ ಎಲ್ಲವೂ ಅಂಟಿಸಿಟ್ಟಿತ್ತು.

ಕೊನೆಯ ಪುಟದಲ್ಲಿ ಓಪಲ್. ನವೆಂಬರಿನಲ್ಲಿ ನಾನೇ ಕೊಟ್ಟ ಸಾವಿನ ಸುದ್ದಿ, ಅಂಚು ನೀಟಾಗಿ ಕತ್ತರಿಸಿ ಅಂಟಿಸಿದ್ದಾರೆ.

"ಆ ಭಾನುವಾರ ಚರ್ಚಲ್ಲಿ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ವಿ," ಅಂದರು ಮಿಸ್ ಲುವೀನಿಯಾ. "ನಮ್ಮ ಮನೆ ಸೊಸೆ ಅಲ್ವಾ."

ನಾನು ಅತ್ತೆ. ಓಪಲ್ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವರು ಕರವಸ್ತ್ರ ಕೊಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಲೆಯ ಮೇಲಿನ ಬೀನ್ಸ್ ಕಲಕುತ್ತಾ ನಿಂತಿದ್ದರು.

"ನೀವ್ಯಾಕೆ ಒಂದ್ಸಲನೂ ನಮ್ಮ ಹತ್ರ ಬರಲಿಲ್ಲ?" ಎಂದು ಕೇಳಿದೆ.

"ಎದ್ದು ಹೋದೋರು ವಾಪಸ್ ಬರ್ಬೇಕು ಕಣಪ್ಪಾ. ಮನೇಲಿ ಕೂತಿದ್ದೋರು ಎಲ್ಲಿಗೆ ಬರೋದು?"

ಏಪ್ರಿಲ್ ೨

ಕೆತ್ತಲು ಶುರು ಮಾಡಿದೆ. ಎಡಗಣ್ಣು ಸಾಕು. ಬೀನ್ಸ್ ನೆನೆಹಾಕಿ ಬೇಯಿಸಿದೆ, ಮಿಸ್ ಲುವೀನಿಯಾ ಹೇಳಿದ ಹಾಗೆ ಹಂದಿಯ ಮೂಳೆ ಹಾಕಿ. ತಳ ಹಿಡಿಯಿತು. ತಿಂದೆ.

ಏಪ್ರಿಲ್ ೨೨

ಕಲ್ಲು ನೆಟ್ಟಾಯಿತು. ಮಹಾಲಾ ಟಿಲ್ಸನ್ ಗಿಲ್ರೀತ್. ಮಾರ್ಲೋ ಕೌಂಟಿಯ ಐಸಾಕ್ ಮತ್ತು ರೇಚಲ್ ಟಿಲ್ಸನ್‌ರ ಮಗಳು. ಏಮಸ್ ಮತ್ತು ಡಾರ್ಕಸ್‌ರ ಅಕ್ಕ. ಗರಿ ಇಲ್ಲ. ಹೊಬರ್ಟನಿಗೆ ಮೊದಲೇ ಹೇಳಿದ್ದೆ. ಕದ್ದು ಮಾಡುವ ಕೆಲಸವಲ್ಲ ಇದು. "ನೀನು ಸತ್ತಾಗ ನಿನ್ನ ಕಲ್ಲು ಯಾರು ಕೆತ್ತುತ್ತಾರೋ ನೋಡ್ತೀನಿ," ಅಂದ. ಆಮೇಲೆ ಮಾತಿಲ್ಲ.

ಮೇ ೩, ಭಾನುವಾರ

ಎರಡನೆಯ ಭಾನುವಾರವೂ ಒಬ್ಬನೇ ಉಂಡೆ. ಮಧ್ಯಾಹ್ನ ಬೆಟ್ಟದ ಆಚೆ ಹೋಗಿ ನಮ್ಮ ಸ್ಮಶಾನದಲ್ಲಿ ವಾಲಿದ್ದ ಆರು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿದೆ. ಇನ್ನೂ ಒಂಬತ್ತು ಇವೆ. ಐಸಾಕನ ಕಲ್ಲಿನ ಬುಡಕ್ಕೆ ಜಲ್ಲಿ ಹಾಕಬೇಕು, ಮಣ್ಣು ಕುಸಿದಿದೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ.

ಈ ತಿಂಗಳ ಮೂರನೆಯ ಭಾನುವಾರ ಅಲ್ಲಿ ಗೋರಿಗಳಿಗೆ ಹೂವಿಡುವ ಹಬ್ಬ. ಬರಲೇಬೇಕು ಅಂದಿದ್ದಾರೆ ಮಿಸ್ ಲುವೀನಿಯಾ. ಆ ದಿನ ಚರ್ಚಿನಲ್ಲಿ ಐಸಾಕನ ಒಂದೊಂದು ಮಗುವಿನ ಹೆಸರು ಕೂಗಿದಾಗ ಆ ಸಂತತಿಯ ಕಡೆಯವರು ಎದ್ದು ನಿಲ್ಲುತ್ತಾರಂತೆ. ಮಹಾಲಾಳ ಹೆಸರನ್ನೂ ಕೂಗುತ್ತಾರಂತೆ.

"ಮದುವೆ ಆಗದೆ ಮುಳುಗಿದ ಹುಡುಗಿಗೆ ಕಡೆಯವರು ಎಲ್ಲಿಂದ ಬರ್ಬೇಕು ಅಂತ ಹೊಸ ಪಾದ್ರಿಗಳು ಕೇಳ್ತಾರೆ. ಕೂಗು ಅಂದ್ರೆ ಕೂಗು ಅಂತೀನಿ. ಕೂಗಿ, ಒಂದು ಗಳಿಗೆ ಕಾದು, ಮುಂದಕ್ಕೆ ಹೋಗ್ತಾರೆ."

ಮೇ ೧೫

ನಿನ್ನೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಕಟ್ಟಿದ್ದಾರೆ. ಹತ್ತು ದಿನ ಗಾಡಿ ಮುಟ್ಟಬಾರದಂತೆ. ಮುಟ್ಟಿಯೇ ಮುಟ್ಟುತ್ತೇನೆ ಎಂದು ಅತ್ತಿಗೆಯ ಹತ್ತಿರ ಫೋನಿನಲ್ಲಿ ಅಂದಿದ್ದೆ. ಸಂಜೆ ಹೊಬರ್ಟನ ಫೋನ್ ಬಂತು, ಹಲೋ ಕೂಡ ಇಲ್ಲ.

"ಒಂಟಿಗಣ್ಣಲ್ಲಿ ಬೆಟ್ಟ ಹತ್ತಿ ಕಂದಕಕ್ಕೆ ಬೀಳ್ತೀಯಾ, ಮೂರ್ಖ? ನಿನ್ನನ್ನ ನೋಡ್ಕೋತೀನಿ ಅಂತ ಓಪಲ್‌ಗೆ ಮಾತು ಕೊಟ್ಟಿದ್ದೀನಿ. ನಾನು ಓಡಿಸ್ತೀನಿ. ಇಳಿಯಲ್ಲ."

ಮೇ ೧೭, ಭಾನುವಾರ

ಹೊಬರ್ಟ್ ದಾರಿಯುದ್ದಕ್ಕೂ ರೇಡಿಯೋ ಜೋರಾಗಿ ಹಾಕಿಕೊಂಡೇ ಓಡಿಸಿದ. ಚರ್ಚಿನ ಎದುರು ಮರದ ಕೆಳಗೆ ಗಾಡಿ ನಿಲ್ಲಿಸಿ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು, ಗಾಜು ಏರಿಸಿ ಕೂತ. ಆ ಸೆಕೆಯಲ್ಲಿ!

ಒಳಗೆ ಜನವೋ ಜನ. ಮಿಸ್ ಲುವೀನಿಯಾ ನನ್ನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಹಾಡು ಮುಗಿದ ಮೇಲೆ ಪಾದ್ರಿ ಕೂಗಿದರು: "ಡಾರ್ಕಸ್ ಕಡೆಯೋರು." ಅರ್ಧ ಚರ್ಚೇ ಎದ್ದು ನಿಂತಿತು. ಒಬ್ಬ ಹೆಂಗಸು ಪುಸ್ತಕದಲ್ಲಿ ಲೆಕ್ಕ ಬರೆದುಕೊಂಡಳು. "ಏಮಸ್ ಕಡೆಯೋರು." ಇನ್ನೊಂದಷ್ಟು ಜನ ನಿಂತರು.

"ಮಹಾಲಾ ಕಡೆಯೋರು."

ಎದ್ದು ನಿಂತೆ.

ಪುಸ್ತಕದ ಹೆಂಗಸು ಬರೆಯುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದಳು. ಕೊನೆಗೆ ಪೆನ್ನು ಎತ್ತಿ, "ಎಷ್ಟು ಜನ ಅಂತ ಬರ್ಕೊಳ್ಲಿ?" ಅಂದಳು.

"ಇಬ್ಬರು," ಅಂದೆ. "ಒಬ್ಬ ಗಾಡೀಲಿ ಕೂತಿದ್ದಾನೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಚರ್ಚಿಗೆ ಚರ್ಚೇ ನಕ್ಕಿತು. ಪಾದ್ರಿ ಕಣ್ಣೊರೆಸಿಕೊಂಡರು. "ಇಬ್ಬರು ಅಂತಲೇ ಬರಿ," ಎಂದು ಕೋಲು ಕುಟ್ಟಿದರು ಮಿಸ್ ಲುವೀನಿಯಾ.

ಗೋರಿಗಳಿಗೆ ಹೂವಿಟ್ಟ ಮೇಲೆ ಮರಗಳ ಕೆಳಗೆ ಊಟ. ಕೋಳಿ, ಬೀನ್ಸ್, ಒಣ ಸೇಬಿನ ಪದರ ಕೇಕು. ಎಲ್ಲರಿಗೂ ಕಾಗದದ ತಟ್ಟೆ. ಮಿಸ್ ಲುವೀನಿಯಾ ಮಾತ್ರ ಮನೆಯೊಳಗೆ ಹೋಗಿ ನೀಲಿ ಅಂಚಿನ ಪಿಂಗಾಣಿ ತಟ್ಟೆ ಒಂದನ್ನು ತಂದು ಅದಕ್ಕೆ ಬಡಿಸಿದರು. ನಾನು ಕೈಚಾಚಿದರೆ, "ನೀನು ಸುಮ್ನೆ ಕೂತ್ಕೋ," ಅಂದರು. ಕೋಲು ಊರುತ್ತಾ ತಾವೇ ಗಾಡಿಯ ಹತ್ತಿರ ಹೋಗಿ ಗಾಜು ತಟ್ಟಿದರು. ಹೊಬರ್ಟ್ ನಾಲ್ಕು ಬೆರಳಗಲ ಇಳಿಸಿದ. ನಾಲ್ಕು ಬೆರಳಿನಲ್ಲಿ ತಟ್ಟೆ ತೂರುವುದಿಲ್ಲ. ಪೂರ್ತಿ ಇಳಿಸಬೇಕಾಯಿತು.

"ಇದು ನಮ್ಮಜ್ಜಿ ಡಾರ್ಕಸ್ ತಟ್ಟೆ. ಆರರಲ್ಲಿ ಇದೊಂದೇ ಉಳಿದಿರೋದು," ಎಂದಷ್ಟೇ ಹೇಳಿ ತಿರುಗಿ ಬಂದರು.

ಕಾಗದದ ತಟ್ಟೆಯಾಗಿದ್ದರೆ ಹೊಬರ್ಟ್ ಮಡಿಸಿ ಸೀಟಿನ ಕೆಳಗೆ ತುರುಕುತ್ತಿದ್ದ. ಆದರೆ ಪರರ ಮನೆಯ ಪಿಂಗಾಣಿಯನ್ನು ಕೈಯಾರೆ ಹಿಂದಿರುಗಿಸದೆ ಹೋಗುವ ಜಾತಿಯಲ್ಲ ನಾವು. ಇದು ಆ ಮುದುಕಿಗೆ ಹೇಗೆ ಗೊತ್ತಾಯಿತೋ! ಗೊತ್ತಾಗದೆ ಏನು, ಅದೇ ಮನೆಯಿಂದ ಬಂದದ್ದಲ್ಲವೇ ಆ ಬುದ್ಧಿ?

ಅರ್ಧ ಗಂಟೆ ಆಯಿತು. ಗಾಡಿಯ ಬಾಗಿಲು ತೆರೆಯಿತು. ಹೊಬರ್ಟ್ ಟೋಪಿಯನ್ನು ಕಂಕುಳಲ್ಲಿಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹುಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಬಂದ. ಎಲ್ಲರೂ ಅವನನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದರು.

"ಇದನ್ನ ಎಲ್ಲಿ ತೊಳೀಬೇಕು, ಅಮ್ಮ?" ಎಂದು ಕೇಳಿದ.

"ತೊಳೆಯೋದು ಆಮೇಲೆ. ಮೊದಲು ಕೂತ್ಕೋ ಹೊಬರ್ಟ್. ಬಿಸಿಲಲ್ಲಿ ನಿನಗೆ ತಲೆ ಸುತ್ತುತ್ತೆ."

ಅವನು ಸರಕ್ಕನೆ ನನ್ನ ಕಡೆ ತಿರುಗಿದ. "ನೀನು ಹೇಳಿದ್ಯೇನೋ ನನ್ನ ಹೆಸರು?"

"ಇಲ್ಲಪ್ಪ."

"ನೀನು ಹುಟ್ಟಿದ ವಾರವೇ ಗೊತ್ತು ಕಣಪ್ಪಾ ನಮಗೆ," ಅಂದರು ಮಿಸ್ ಲುವೀನಿಯಾ. "ಒಂಬತ್ತೂವರೆ ಪೌಂಡು. ಪತ್ರಿಕೇಲಿ ಬಂದಿತ್ತು. ನಮ್ಮಜ್ಜಿ ಮೂರು ದಿನ ಎಲ್ಲರಿಗೂ ಓದಿ ಹೇಳಿದ್ಲು."

ಹೊಬರ್ಟ್ ಕೂತ. ತಟ್ಟೆಯನ್ನು ಮಾತ್ರ ಕೈಯಿಂದ ಬಿಡಲಿಲ್ಲ. ನಾವು ಹೊರಟಾಗ ಗಂಟೆ ಐದು ದಾಟಿತ್ತು. ನಮ್ಮವರ ಊಟ ಮುಗಿಯುವುದೇ ನಿಧಾನ.